ಬರಿಹೊಟ್ಟೆಯಲ್ಲಿ ಹೇಳಬಾರದ ಊರು

ನಮ್ಮೂರಿನ ಹೆಸರು ಚಿಕ್ಕಬೋರನಕೊಪ್ಪಲು. ಊಟ ಮುಗಿಸಿ ಬರೆಯಲು ಕೂತಿದ್ದೇನೆ, ಅದಕ್ಕೇ ಈ ಧೈರ್ಯ. ಬೆಳಗ್ಗೆ ಎದ್ದು ಬರಿಹೊಟ್ಟೆಯಲ್ಲಿ ಈ ಹೆಸರು ಹೇಳಿದವರಿಗೆ ಆ ದಿನವೆಲ್ಲ ಅನ್ನ ಹುಟ್ಟುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಊರು ಕಟ್ಟಿದ ಚಿಕ್ಕಬೋರನಿಗೆ ಹಿಂದೆ ಒಬ್ಬ ಮುದುಕಿ ಕೊಟ್ಟ ಶಾಪವಂತೆ ಅದು. ಸುತ್ತಲ ಹಳ್ಳಿಯವರೂ ಬೆಳಗಿನ ಹೊತ್ತು ನಮ್ಮನ್ನು ‘ಆಚೆಯೂರಿನವರು’ ಅನ್ನುತ್ತಾರೆಯೇ ಹೊರತು ಹೆಸರು ಎತ್ತುವುದಿಲ್ಲ. ನಮ್ಮನ್ನೇ ಯಾರಾದರೂ ‘ಯಾವೂರವ್ವ’ ಎಂದು ಕೇಳಿದರೆ ‘ಕಟ್ಟೆಮಳಲವಾಡಿ’ ಅಂದುಬಿಡುತ್ತೇವೆ. ಅದು ಪಕ್ಕದ ದೊಡ್ಡೂರು. ಹೊಟ್ಟೆಗೆ ಒಂದು ತುತ್ತು ಬಿದ್ದಮೇಲೆ ಹೆಸರಿಗೆ ಯಾವ ದೋಷವೂ ಇಲ್ಲ. ಮಧ್ಯಾಹ್ನ, ಸಂಜೆ, ಬೇಕಾದರೆ ಕೂಗಿ ಹೇಳಬಹುದು.

ಇದನ್ನು ನನಗೆ ಕಲಿಸಿದವಳು ಅಜ್ಜಿ ಸಿದ್ದಲಿಂಗಮ್ಮ. ಮಾತು ಕಲಿಸಿದ್ದೂ ಅವಳೇ ಅನ್ನಬೇಕು. ಅವಳ ಕತೆಗಳ ರಾಜರಿಗೆ ನಿದ್ದೆಯೇ ಇರುತ್ತಿರಲಿಲ್ಲ. ಕಂಬಳಿ ಹೊದ್ದು ಮಾರುವೇಷದಲ್ಲಿ ಬೀದಿ ಸುತ್ತುತ್ತಾ, ಯಾವ ಗುಡಿಸಲಲ್ಲಿ ಕೂಸು ಅಳುತ್ತಿದೆ, ಯಾರ ಮನೆಯ ಒಲೆ ಉರಿದಿಲ್ಲ ಎಂದು ಗೋಡೆಗೆ ಕಿವಿಯಿಟ್ಟು ಕೇಳುತ್ತಿದ್ದರು. ನಾನು ಪದವಿಯಲ್ಲಿ ರಾಜ್ಯಶಾಸ್ತ್ರ ತೆಗೆದುಕೊಂಡದ್ದು ಆ ರಾಜರ ಗುಂಗಿನಲ್ಲೇ. ಹುಣಸೂರಿನಲ್ಲಿ ಬಿ.ಎ. ಮುಗಿಸಿ ಮೈಸೂರಿನಲ್ಲಿ ಎಂ.ಎ.ಗೆ ಸೇರಿದಾಗ ಅಪ್ಪ, ಹೆಸರು ಚೆಲುವಯ್ಯ, ಕೇಳಿದ್ದು ಒಂದೇ ಮಾತು: “ಅದ್ನ ಓದಿ ಎಮ್ಮೆಲ್ಲೆ ಆಯ್ತೀಯಾ?” ಆಮೇಲೆ ತಾನೇ ಹೋಗಿ ಹೊಸ ಬ್ಯಾಗು ತಂದುಕೊಟ್ಟ.

ಹಾಸ್ಟೆಲಿನಲ್ಲಿ ಸೀಟು ಸಿಗಲಿಲ್ಲ. ದಿನವೂ ಊರಿನಿಂದಲೇ ಓಡಾಟ. ಮಬ್ಬಿರುವಾಗಲೇ ಬರುವ ಬಸ್ಸು ನಮ್ಮೂರು ಹಾದು, ಕಟ್ಟೆಮಳಲವಾಡಿಯಲ್ಲಿ ತುಂಬಿಕೊಂಡು ಹುಣಸೂರಿಗೆ ಹೋಗುತ್ತದೆ. ಅಲ್ಲಿಂದ ಮೈಸೂರಿನ ಬಸ್ಸು. ಈ ಮೊದಲ ಬಸ್ಸು ತಪ್ಪಿದರೆ ಬೆಳಗಿನ ಎರಡೂ ತರಗತಿ ತಪ್ಪಿದಂತೆಯೇ.

ಮೂರನೇ ಸೆಮಿಸ್ಟರಿನಲ್ಲಿ ಒಂದು ಮುಂಜಾನೆ ಕಂಡಕ್ಟರ್ ದೇವಯ್ಯ ಇಳಿಯುವವರ ನಡುವೆ ನನಗೆ ಹೇಳಿದ, “ಮುಂದಿನ ತಿಂಗಳಿಂದ ಈ ಬಸ್ಸು ನಿಮ್ ಕಡೆ ತಿರುಗಲ್ಲ ಕಣವ್ವ. ನೆಟ್ಟಗೆ ಕಟ್ಟೆಮಳಲವಾಡಿಗೆ ಓಯ್ತದೆ.”

“ಯಾಕಣ್ಣ?”

“ನಾನೇನ್ ಮಾಡ್ಲಿ? ಮೇಲಿಂದ ಅಂಗೆ ಬಂದದೆ.”

ದೇವಯ್ಯ ಸಾಲಿಗ್ರಾಮದ ಕಡೆಯವನು, ಈ ದಾರಿಗೆ ಹೊಸಬ. ಅವನಿಗೂ ಹೆಚ್ಚು ಗೊತ್ತಿರಲಿಲ್ಲ.

ಸಂಜೆ ಅಪ್ಪನಿಗೆ ಹೇಳಿದೆ. ಕಟ್ಟೆಮಳಲವಾಡಿಗೆ ನಡೆಯುವ ದಾರಿಯ ಎರಡೂ ಕಡೆ ಆಳೆತ್ತರದ ಕಬ್ಬು. ಅದೇ ವಾರ ಅಲ್ಲಿಂದ ಚಿರತೆ ಬಂದು ನಮ್ಮ ಬೀದಿಯ ಕುಮಾರನ ಮನೆಯ ನಾಯಿಯನ್ನು ಎತ್ತಿಕೊಂಡು ಹೋಗಿತ್ತು.

“ದಿನಾ ನಾನೇ ಬುಟ್ಟು ಬರಾನ ಅಂದ್ರೆ ಆ ಒತ್ಗೆ ಹಾಲು ಕರೀಬೇಕು, ಡೈರಿಗೆ ಆಕ್ಬೇಕು. ಬಸ್ಸಿದ್ರೆ ಓದು ಮಗ. ಇಲ್ದಿದ್ರೆ ಇಷ್ಟಕ್ಕೇ ಸಾಕು ಮಾಡಾನ. ಕತ್ತಲಲ್ಲಿ ಆ ಕಬ್ಬಿನ್ ಮದ್ಯ ನಿನ್ನ ಕಳ್ಸಾಕೆ ನನ್ ಕೈಲಾಗಕ್ಕಿಲ್ಲ.”

ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅವನು ಬೈಯಲಿಲ್ಲ.

ಆ ದಿನಗಳಲ್ಲೇ ನಮಗೆ ಸಾರ್ವಜನಿಕ ನೀತಿ ಎಂಬ ಪತ್ರಿಕೆ ಇತ್ತು. ಪಾಠ ಮಾಡುತ್ತಿದ್ದವರು ಮಹೇಶ್‌ಕುಮಾರ್ ಸರ್. ನನ್ನ ಕಿರುಪರೀಕ್ಷೆಯ ಉತ್ತರವನ್ನು ತರಗತಿಯಲ್ಲಿ ಎತ್ತಿ ಹಿಡಿದು, “ಸುಧಾ ಅವರೇ, ಇದರಲ್ಲಿ ಇಬ್ಬರು ರಾಜರಿದ್ದಾರೆ, ಒಬ್ಬ ಮಂತ್ರಿ ಇದ್ದಾನೆ, ಒಂದು ಗಿಣಿಯೂ ಇದೆ. ನೀತಿ ಎಲ್ಲಿದೆ?” ಎಂದರು. ಎಲ್ಲರೂ ನಕ್ಕರು. ಪಕ್ಕದಲ್ಲಿ ಕೂತ ಗೆಳತಿ ಫರ್ಹಾನಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ನಗು ನಿಂತ ಮೇಲೆ ಸರ್ ಮೆತ್ತಗೆ ಮುಂದುವರಿಸಿದರು. “ಮಾರುವೇಷದ ರಾಜ ಒಳ್ಳೆಯವನೇ. ಆದರೆ ಈಗಿನ ಸರ್ಕಾರಕ್ಕೆ ಮನೆಮನೆಯ ಗೋಡೆಗೆ ಕಿವಿಯಿಡಲು ಆಗುವುದಿಲ್ಲ. ಅಂಕಿಯೇ ಅದರ ಕಿವಿ. ಅಂಕಿಯೊಳಗೆ ಬರದವರ ಅಳು ಅದಕ್ಕೆ ಕೇಳಿಸುವುದಿಲ್ಲ.” ಆಮೇಲೆ ಪ್ರಾಜೆಕ್ಟ್ ಕೊಟ್ಟರು. ನಿಮ್ಮೂರಿನ ಒಂದು ಸಾರ್ವಜನಿಕ ಸೌಲಭ್ಯ ಹಿಡಿಯಿರಿ, ಅದು ಎಲ್ಲಿ ನಿರ್ಧಾರವಾಗುತ್ತದೆ, ಯಾರ ಬಾಗಿಲಿಗೆ ಮುಟ್ಟುತ್ತದೆ, ನಡುವೆ ಎಲ್ಲಿ ಕಡಿಯುತ್ತದೆ ನೋಡಿ ಬನ್ನಿ.

“ನಿಂದು ಬಸ್ಸು,” ಅಂದಳು ಫರ್ಹಾನಾ, ನಾನು ಬಾಯಿ ಬಿಡುವ ಮೊದಲೇ. “ರಾಜನ್ನ ಇಳಿಸಿ ಕಂಡಕ್ಟರ್‌ನ ಹತ್ತಿಸ್ಕೋ.”

ಅವಳು ಹುಣಸೂರಿನವಳು. ತಂದೆ ಮುಜಫರ್ ಅವರದು ಮರಗೆಲಸ. ಊರಿನ ಅರ್ಧ ಮನೆಗಳ ಬಾಗಿಲು ಮಾಡಿದವರು, ಹಾಗಾಗಿ ಯಾವ ಬಾಗಿಲು ತಟ್ಟಲೂ ಅವಳಿಗೆ ಹೆದರಿಕೆ ಇಲ್ಲ. ಬಸ್ಸುಗಳ ದಾರಿ ಗೊತ್ತುಮಾಡುವ ಅಧಿಕಾರಿ ಕಿರಣ್‌ಕುಮಾರ್ ಅವರ ಮುಂದೆ ಶನಿವಾರ ನನ್ನನ್ನು ಕೂರಿಸಿದವಳೂ ಅವಳೇ.

ಅವರು ಕಂಪ್ಯೂಟರಿನಲ್ಲಿ ಏನೋ ಒತ್ತಿ ನೋಡಿ ತಲೆ ಕೆರೆದುಕೊಂಡರು. “ನಿಮ್ಮೂರಲ್ಲಿ ಬೆಳಗ್ಗೆ ಹತ್ತೋರೇ ಇಲ್ಲ ಕಣಮ್ಮ. ಹತ್ತೋರಿಲ್ಲದ ಕಡೆ ಸುತ್ತು ಹಾಕಿದ್ರೆ ಡೀಸೆಲ್ ದಂಡ. ಒಂದೇ ಒಂದು ವಿಚಿತ್ರ. ಸಂಜೆ ಬೇಕಾದಷ್ಟು ಜನ ಇಳೀತಾರೆ. ಬಂದೋರೆಲ್ಲ ನೆಂಟರಾ? ಬಂದೋರು ವಾಪಸ್ಸೇ ಹೋಗಲ್ವಾ?”

ನನ್ನ ಕಿವಿ ಬಿಸಿಯಾಯಿತು. ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡಿಲ್ಲ, ಆದರೆ ಟಿಕೆಟ್ ಮಾತ್ರ ಹರಿದುಕೊಡುತ್ತಾರೆ. ಎಲ್ಲಿಂದ ಎಲ್ಲಿಗೆ ಎಂದು ಅದರಲ್ಲಿ ಬೀಳುತ್ತದೆ. ದೇವಯ್ಯ ಟಿಕೆಟ್ ಶುರು ಮಾಡುವುದೇ ಕಟ್ಟೆಮಳಲವಾಡಿಯಲ್ಲಿ ಬಸ್ಸು ತುಂಬಿದ ಮೇಲೆ. ‘ಎಲ್ಲಿಂದ’ ಅಂದರೆ ನಮ್ಮೂರಿನ ಅಷ್ಟೂ ಹೆಂಗಸರು ಏನು ಹೇಳುತ್ತಾರೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನೂ ಅದನ್ನೇ ಹೇಳುತ್ತಿದ್ದೆನಲ್ಲ.

ತಡವರಿಸುತ್ತಾ ವಿಷಯ ಹೇಳಿದೆ. ಫರ್ಹಾನಾ ನನ್ನ ಮುಖವನ್ನೇ ನೋಡಿದಳು. ಅಧಿಕಾರಿ ನಗುತ್ತಾರೆ ಅಂದುಕೊಂಡೆ, ನಗಲಿಲ್ಲ.

“ನಮ್ಮ ಪಿರಿಯಾಪಟ್ಟಣದ ಕಡೇನೂ ಇಂಥದೊಂದು ಊರಿದೆ. ಯಾವ್ದು ಅಂತ ಕೇಳ್ಬೇಡಿ, ನಂದಿನ್ನೂ ಊಟ ಆಗಿಲ್ಲ.”

ಆಮೇಲೆ ಗಂಭೀರವಾದರು. “ನಾನು ನಂಬ್ತೀನಮ್ಮ. ಆದ್ರೆ ಇದನ್ನ ಮೇಲಿನೋರಿಗೆ ಬರೆದು ಕಳಿಸಿದ್ರೆ, ನನಗೆ ರೆಸ್ಟ್ ತಗೋ ಅಂತಾರೆ. ಈ ತಿಂಗಳು ಮುಗಿಯೋದ್ರೊಳಗೆ ಬೆಳಗಿನ ಟಿಕೆಟ್‌ನಲ್ಲಿ ನಿಮ್ಮೂರು ಕಾಣಿಸ್ಲಿ. ಆಮೇಲೆ ದಾರಿ ಉಳಿಸೋಕೆ ನಾನು ಹೇಳ್ತೀನಿ. ಆಗುತ್ತೆ ಅಂತ ಮಾತು ಕೊಡಲ್ಲ, ಹೇಳ್ತೀನಿ.”

ಇಷ್ಟು ಸುಲಭವೇ ಎಂದು ಹಾರುತ್ತಾ ಊರಿಗೆ ಬಂದೆ. ಸಂಜೆ ನಲ್ಲಿಯ ಹತ್ತಿರ ಹೆಂಗಸರೆಲ್ಲ ಸಿಕ್ಕರು. ಹುಣಸೂರಿನಲ್ಲಿ ಬಟ್ಟೆ ಹೊಲಿಯಲು ಹೋಗುವ ರಾಧಾ, ಆಸ್ಪತ್ರೆಯೊಂದರಲ್ಲಿ ಕಸ ಗುಡಿಸುವ ಶಾಂತಲಾ, ಇನ್ನೂ ಹತ್ತಾರು ಜನ. ಎಲ್ಲರೂ ಅದೇ ಬಸ್ಸಿನವರು. ನಾನು ಅಂಕಿಅಂಶ, ಸಾರಿಗೆ ನೀತಿ, ಬೇಡಿಕೆ ಅಂತೆಲ್ಲ ವಿವರಿಸಿದೆ. ಕೊಡ ತುಂಬಿ ಹರಿಯಿತು.

“ಅಂದ್ರೆ ಬೆಳಗ್ಗೆ ಎಸ್ರು ಏಳ್ಬೇಕು?” ಅಂದಳು ಶಾಂತಲಾ.

“ಹೂಂ ಅಕ್ಕ. ಅಷ್ಟೇ.”

“ಅಷ್ಟೇ ಅಂತೆ!” ರಾಧಾ ಸೊಂಟದ ಮೇಲೆ ಕೈಯಿಟ್ಟಳು. “ಲೇ ಸುಧಾ, ಬಸ್ಸು ಓದ್ರೆ ಆಟೋನೋ ಗೀಟೋನೋ ನೋಡ್ಕತೀನಿ. ಅನ್ನ ಓದ್ರೆ ನಿಮ್ ಮೇಷ್ಟ್ರು ತಂದಾಕ್ತಾರಾ? ನೀನ್ ಬೇಕಾದ್ರೆ ಏಳ್ಕೋ. ಎಂ.ಎ. ಓದಿದ್ದೀಯ, ನಿಂಗೆ ಶಾಪಾನೂ ಇಂಗ್ಲೀಸಲ್ಲಿ ತಟ್ತದೆ.”

ಛಲ ಬಂತು. ಸೋಮವಾರ ಬಸ್ಸಿನಲ್ಲಿ ದೇವಯ್ಯ ಕೇಳಿದಾಗ, ಎಲ್ಲರಿಗೂ ಕೇಳುವಂತೆ “ಚಿಕ್ಕಬೋರನಕೊಪ್ಪಲು” ಅಂದೆ. ಬಸ್ಸು ಗಪ್ಪಾಯಿತು. ಶಾಂತಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸರಿಯಾಗಿ ಅದೇ ಹೊತ್ತಿಗೆ ಎಮ್ಮೆಯೊಂದು ಅಡ್ಡ ಬಂದು ಡ್ರೈವರ್ ಬ್ರೇಕ್ ಒತ್ತಿದ. ರಾಧಾಳ ತೊಡೆಯ ಮೇಲಿದ್ದ ಬುತ್ತಿ ಡಬ್ಬಿ ಹಾರಿ ಬಾಗಿಲ ಮೆಟ್ಟಿಲಲ್ಲಿ ಬಾಯಿ ಬಿಟ್ಟಿತು. ಅನ್ನ, ಸಾರು, ಎಲ್ಲವೂ ರಸ್ತೆಪಾಲು.

“ನೋಡ್ದಾ! ನೋಡ್ದಾ!” ಅಂದಳು ರಾಧಾ. ಅಳುವುದೋ ಬೈಯುವುದೋ ಅವಳಿಗೇ ತಿಳಿಯಲಿಲ್ಲ. “ಅಂದೋಳು ನೀನು, ಉಪಾಸ ನಾನು!”

ನಾನು ತಿಂದು ಬಂದಿದ್ದೆ, ಹೇಳಿದರೆ ತಪ್ಪಿಲ್ಲ ಎಂದು ವಾದಿಸಿದೆ. ಕೇಳಿಸಿಕೊಂಡವರು ತಿಂದಿರಬೇಕಲ್ಲ ಎಂದು ಹಿಂದಿನ ಸೀಟಿನಿಂದ ಯಾರೋ ಅಂದರು. ಆ ಮೇಲೆ ನನ್ನ ಪಕ್ಕ ಯಾರೂ ಕೂರಲಿಲ್ಲ. ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಅಜ್ಜಿ ಮುಖ ತಿರುಗಿಸಿಯೇ ಮಾತಾಡಿದಳು. “ನನ್ ಕತೆ ಎಲ್ಲಾ ಸುಳ್ಳು ಅನ್ನೋ ಅಷ್ಟು ಓದ್ಬುಟ್ಯಾ?” ಆ ಮಾತು ಬಸ್ಸಿನವರ ಸಿಟ್ಟಿಗಿಂತ ಹೆಚ್ಚು ನೋಯಿಸಿತು. ಸುಳ್ಳು ಎಂದು ನಾನು ಯಾವತ್ತೂ ಅಂದುಕೊಂಡವಳೇ ಅಲ್ಲ. ಈಗಲೂ ಹುಣಸೇಮರದ ಕೆಳಗೆ ಹಾಯುವಾಗ ಮೇಲೆ ನೋಡುವುದಿಲ್ಲ.

ಮೈಸೂರಿನ ಕ್ಯಾಂಟೀನಿನಲ್ಲಿ ಫರ್ಹಾನಾ ಮುಂದೆ ಎಲ್ಲ ಹೇಳಿದೆ. ಅವಳು ಚಿತ್ರಾನ್ನದ ತಟ್ಟೆಯನ್ನು ನನ್ನ ಕಡೆ ತಳ್ಳಿದಳು.

“ನಂಗೊಂದು ಅರ್ಥ ಆಗ್ತಿಲ್ಲ ಕಣೇ. ತಿಂದ್ಮೇಲೆ ಹೇಳಬಹುದು ತಾನೆ? ಹಾಗಿದ್ರೆ ತಿಂದು ಹತ್ತಿದ್ರೆ ಆಯ್ತಲ್ಲ.”

“ಅಷ್ಟು ಬೆಳಗ್ಗೆ ಯಾರು ತಿಂತಾರೆ?”

“ನೀನು ತಿಂದು ಬರ್ತೀಯ.”

“ನನಗೆ ಅಜ್ಜಿ ಕೊಡ್ತಾಳೆ.”

“ಅವರಿಗೆ?”

ಅವಳೇ ಮುಂದುವರಿಸಿದಳು. “ನಮ್ಮನೇಲಿ ಅಮ್ಮ, ದಾದಿ, ಅಂದ್ರೆ ನಮ್ಮಜ್ಜಿ, ಇಬ್ಬರೂ ಬೆಳಕಾಗೋಕೆ ಮುಂಚೆ ಹೊಟ್ಟೆ ತುಂಬ ತಿನ್ನೋದನ್ನ ನಾನು ನೋಡೋದು ರಂಜಾನಲ್ಲಿ ಮಾತ್ರ. ಉಪವಾಸ ಶುರುವಾಗೋ ಮುಂಚಿನ ಊಟ, ಸಹರಿ, ತಿನ್ನಲೇಬೇಕಲ್ಲ. ಮಿಕ್ಕ ದಿನ ಎಲ್ಲರ ಡಬ್ಬಿ ಕಟ್ಟಿ, ಎಲ್ಲರನ್ನೂ ಕಳಿಸಿ, ಆಮೇಲೆ ತಣ್ಣಗಿರೋ ಚಾ. ನಮ್ಮ ದಾದಿ ಆಮಿನಾಬಿ ಹೇಳ್ತಾರೆ, ‘ಉಪವಾಸದ ತಿಂಗಳಲ್ಲೇ ಕಣೇ ನಾನು ಹೊತ್ತಿಗೆ ಸರಿಯಾಗಿ ತಿನ್ನೋದು’ ಅಂತ.”

ನಾನು ನಕ್ಕೆ. ಆಮೇಲೆ ನಗಲಾಗಲಿಲ್ಲ.

ಆ ಭಾನುವಾರ ಪ್ರಾಜೆಕ್ಟಿನ ನೆಪದಲ್ಲಿ ಮನೆಮನೆಗೆ ಹೋದೆ. ಬಸ್ಸಿನ ಮಾತೇ ಎತ್ತಲಿಲ್ಲ. ‘ಬೆಳಗ್ಗೆ ಮೊದಲ ತುತ್ತು ಯಾವಾಗ ತಿಂತೀರಿ?’ ಎಂದಷ್ಟೇ ಕೇಳಿದೆ.

“ಇದೇನ್ ಪ್ರಶ್ನೆ ಕಣೇ,” ಎಂದು ಶಾಂತಲಾ ಹುರುಳಿ ಆರಿಸುತ್ತಲೇ ನಕ್ಕಳು. “ಆಸ್ಪತ್ರೇಲಿ ಮೂರು ಮಹಡಿ ಗುಡ್ಸಿ ಆದ್ಮೇಲೆ. ಅತ್ತು ಅತ್ತೂವರೆ ಆಯ್ತದೆ. ಮನೇಲಿ ತಿನ್ನಾಕ್ ಕುಂತ್ರೆ ಬಸ್ಸು ಓಯ್ತದಲ್ಲ.”

ರಾಧಾ ಮೊದಲು ಬಾಗಿಲಲ್ಲೇ ನಿಲ್ಲಿಸಿದಳು. ಆಮೇಲೆ ಒಳಗೆ ಕರೆದು, ಮೊರದ ಪಕ್ಕ ಜಾಗ ಕೊಟ್ಟಳು. “ನಮ್ ಯಜಮಾನ್ರು ತಿಂದು, ಮಕ್ಳು ತಿಂದು, ಡಬ್ಬಿ ಕಟ್ಟೋ ಒತ್ಗೆ ಬಸ್ಸಿನ್ ಆರನ್ ಆಯ್ತದೆ. ತಿನ್ನೋದೆಲ್ಲಿಂದ ಬಂತು? ಅವತ್ತು ಡಬ್ಬಿ ಬಿದ್ದಾಗ ಅಷ್ಟು ಬೈದೆ ಅಂತ ಬೇಜಾರ್ ಮಾಡ್ಕಬೇಡ. ಅದ್ರ ಇಂದ್ಲ ದಿನ ಸಂಜೆಯಿಂದ ಏನೂ ತಿಂದಿರ್ನಿಲ್ಲ ಕಣೇ.”

ಬಸ್ಸು ಹತ್ತುವ ಒಬ್ಬ ಹೆಂಗಸೂ ತಿಂದು ಹತ್ತುತ್ತಿರಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ನಾನು ಮನೆಗೆ ಬಂದು ಅವ್ವನನ್ನೂ ಅದನ್ನೇ ಕೇಳಿದೆ. ಅವಳು ಕೊಟ್ಟಿಗೆಯಿಂದ ಸಗಣಿ ಬುಟ್ಟಿ ಹೊತ್ತು ಬರುತ್ತಾ, “ನಿಂಗ್ಯಾಕೆ ಈಗ ಅದು?” ಅಂದಳು. ಜಗುಲಿಯಲ್ಲಿದ್ದ ಅಪ್ಪ ತಲೆ ಎತ್ತಿ ಅವಳನ್ನು ನೋಡಿದ. ಅವನಿಗೂ ಗೊತ್ತಿರಲಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು.

ಅಜ್ಜಿ ಒಲೆಯ ಮುಂದಿದ್ದಳು. ಪಕ್ಕದಲ್ಲಿ ಕೂತು, ಕೇಳಿ ಬಂದದ್ದನ್ನೆಲ್ಲ ಹೇಳಿದೆ. ವಾದ ಮಾಡಲಿಲ್ಲ. ಅವಳು ಉರಿಯನ್ನೇ ನೋಡುತ್ತಿದ್ದಳು.

“ಅಜ್ಜಿ, ಆ ಮುದುಕಿ ಚಿಕ್ಕಬೋರನ್ನ ಏನು ಕೇಳಿದ್ಲು? ಇನ್ನೊಂದ್ಸಲ ಹೇಳು.”

“ಎಷ್ಟ್ ಸಲ ಕೇಳಿದ್ದೀಯ.”

“ಇನ್ನೊಂದ್ಸಲ.”

ಕತೆ ಕೇಳಿದರೆ ಅಜ್ಜಿ ಸಿಟ್ಟು ಹಿಡಿದು ಕೂರಲಾರಳು. “ಲಕ್ಷ್ಮಣತೀರ್ಥದ ದಡದಿಂದ ನಡ್ಕಂಡ್ ಬಂದ್ಲು. ಇನ್ನೂ ಕೋಳಿ ಕೂಗಿರ್ನಿಲ್ಲ. ಬೋರಪ್ಪ, ದೂರ ಓಗ್ಬೇಕು, ಒಂದ್ ತುತ್ತು ಕೊಡು ಅಂದ್ಲು. ಅವ್ನ ಮಡಕೇಲಿ ಮುಚ್ಚಿಟ್ಟ ರೊಟ್ಟಿ ಇತ್ತು. ಇನ್ನೂ ಒಲೆ ಅಚ್ಚಿಲ್ಲ ಓಗು ಅಂದ. ಅವ್ಳು ತಿರುಗಿ ನೋಡಿ, ಒತ್ತಾರೆ ನಿನ್ ಎಸ್ರು ಎತ್ತಿದೋರ ಒಲೆ ಅವತ್ತು ಉರೀದೆ ಓಗ್ಲಿ ಅಂದ್ಲು...”

ಅಲ್ಲಿಗೆ ನಿಲ್ಲಿಸಿದಳು. ಸೌದೆಯನ್ನು ಒಳಕ್ಕೆ ತಳ್ಳಿದಳು, ಮತ್ತೆ ಹೊರಗೆಳೆದಳು.

“ದೂರ ಓಗೋ ಎಂಗಸು,” ಅಂದಳು ತನ್ನಷ್ಟಕ್ಕೆ. “ಒತ್ತಾರೆ. ಬರಿ ಒಟ್ಟೇಲಿ.”

ಆಮೇಲೆ ನನ್ನ ಕಡೆ ತಿರುಗಿದಳು.

“ನಾವು ಬರೀ ಎಸ್ರು ಮುಚ್ಚಿಟ್ಕಂಡು ಕುಂತೋ. ಅವ್ಳು ಕೇಳಿದ್ದು ಕೊಡಾನ ಅಂತ ಒಬ್ರಿಗೂ ಒಳೀನಿಲ್ವಲ್ಲ, ಎಂತಾ ಜನ ನಾವು!” ಎಂದು ರೇಗಿದಳು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. “ಏಳು, ರಾಗಿ ಇಟ್ಟು ಎಷ್ಟಿದೆ ನೋಡು.”

ಮರುದಿನ ಅಜ್ಜಿ, ಅವ್ವ, ನಾನು ಕತ್ತಲಲ್ಲೇ ಎದ್ದು ರೊಟ್ಟಿ ತಟ್ಟಿದೆವು. ಅಜ್ಜಿಯ ಕಟ್ಟಪ್ಪಣೆ: ಮೊದಲನೆಯದು ಅವ್ವನಿಗೆ. ಅವ್ವ ನಾಚಿಕೊಂಡು ಗೋಡೆಯ ಕಡೆ ತಿರುಗಿ ತಿಂದಳು. ಉಳಿದವನ್ನು ಹುಚ್ಚೆಳ್ಳಿನ ಚಟ್ನಿಯ ಜೊತೆ ಕುಕ್ಕೆಯಲ್ಲಿಟ್ಟು ಮುಚ್ಚಿದರೆ, ಅಪ್ಪ ಹೊತ್ತುಕೊಂಡು ಬಸ್ ನಿಲ್ಲುವ ಕಡೆಗೆ ನಡೆದ, ಹಿಂದೆ ಅಜ್ಜಿ, ನಾನು.

ಹೆಂಗಸರು ದೂರ ನಿಂತರು. ಬೀದಿಯಲ್ಲಿ, ಅದೂ ಚೆಲುವಯ್ಯನ ಎದುರು, ನಿಂತುಕೊಂಡು ತಿನ್ನುವುದೇ?

“ನಾನ್ ಆ ಕಡೆ ತಿರುಕ್ಕಂಡಿವ್ನಿ ಬುಡ್ರವ್ವ,” ಎಂದು ಅಪ್ಪ ಕಬ್ಬಿನ ಕಡೆ ಮುಖ ಮಾಡಿದ.

“ರಾಧೀ, ಬಾರೇ ಇಲ್ಲಿ,” ಅಂದಳು ಅಜ್ಜಿ. “ದೂರ ಓಗೋಳು ನೀನು. ತಕ.”

ರಾಧಾ ನನ್ನ ಕಡೆ ನೋಡಿದಳು, ರೊಟ್ಟಿಯ ಕಡೆ ನೋಡಿದಳು. “ಅಜ್ಜಿ, ತಿಂದ್ಮೇಲೆ ಏಳ್ದ್ರೆ ಏನೂ ಆಗಲ್ಲ ತಾನೆ?”

“ಆದ್ರೆ ನಂಗಾಗ್ಲಿ. ನುಂಗು ಮೊದ್ಲು.”

ಬಸ್ಸು ಬರುವ ಹೊತ್ತಿಗೆ ಎಲ್ಲರ ಬಾಯಿಯೂ ತುಂಬಿತ್ತು. ಆ ದಿನ ಕಟ್ಟೆಮಳಲವಾಡಿ ದಾಟಿ ದೇವಯ್ಯ ‘ಎಲ್ಲಿಂದ’ ಎಂದಾಗ ಹೆಂಗಸರು ಮುಖಮುಖ ನೋಡಿಕೊಂಡರು. ಆಮೇಲೆ ರಾಧಾ ಕಿಟಕಿಯಾಚೆ ನೋಡುತ್ತಾ, ಸಾಲ ಕೇಳುವವಳ ದನಿಯಲ್ಲಿ ಊರಿನ ಹೆಸರು ಹೇಳಿದಳು. ಎರಡೂ ಕೈಯಲ್ಲಿ ಡಬ್ಬಿ ಅಪ್ಪಿಕೊಂಡಿದ್ದಳು. ಎಮ್ಮೆ ಅಡ್ಡ ಬರಲಿಲ್ಲ. ಹಿಂದಿನಿಂದ ಶಾಂತಲಾ ಹೇಳಿದಳು. ಆಮೇಲೆ ಒಬ್ಬೊಬ್ಬರಾಗಿ.

ವಾರ ಕಳೆಯುವುದರಲ್ಲಿ ಬೇರೆ ಮನೆಗಳಿಂದಲೂ ಕುಕ್ಕೆಗಳು ಬರತೊಡಗಿದವು. ಒಂದು ದಿನ ಶಾಂತಲಾಳ ಮನೆಯ ಇಡ್ಲಿ, ಒಂದು ದಿನ ರಾಧಾಳ ಉಪ್ಪಿಟ್ಟು. ಉಪ್ಪು ಜಾಸ್ತಿ ಎಂದು ಅಜ್ಜಿ ಎಲ್ಲರೆದುರೇ ಹೇಳಿ ಒಂದು ಜಗಳವೂ ಆಯಿತು. ಆದರೂ ತಿಂಗಳ ಅರ್ಧ ಆಗಲೇ ಕಳೆದಿತ್ತು. ಅರ್ಧ ತಿಂಗಳ ಟಿಕೆಟ್ಟು ಯಾರಿಗಾದರೂ ಸಾಕಾಗುತ್ತದೆಯೇ ಎಂದು ನನಗೆ ಗೊತ್ತಿರಲಿಲ್ಲ. ಕಿರಣ್‌ಕುಮಾರ್ ಅವರಿಗೆ ಫರ್ಹಾನಾ ಫೋನ್ ಮಾಡಿದಾಗ, “ಹೇಳಿದ್ದೀನಿ, ಉತ್ತರ ಬಂದಿಲ್ಲ” ಎಂದರು.

ಪ್ರಾಜೆಕ್ಟ್ ಓದಿದ ಮಹೇಶ್‌ಕುಮಾರ್ ಸರ್ ನನ್ನನ್ನು ಕೋಣೆಗೆ ಕರೆದರು. “ಚೆನ್ನಾಗಿದೆ. ಗಿಣಿಯನ್ನೂ ಬಿಟ್ಟಿದ್ದೀರಿ. ಆದರೆ ಕೊನೆಯ ಭಾಗ, ಶಿಫಾರಸು, ಖಾಲಿ ಇದೆಯಲ್ಲ?”

“ಒಂದನೇ ತಾರೀಕು ಬಸ್ಸು ಬಂದರೆ ಬರೀತೀನಿ ಸರ್. ಬರದಿದ್ದರೆ...”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಬರದಿದ್ದರೂ ಬರೆಯಿರಿ. ಆಗ ಇನ್ನೂ ಉದ್ದ ಬರೆಯಬೇಕಾಗುತ್ತದೆ.”

ಒಂದನೇ ತಾರೀಕು ನಾವೆಲ್ಲ ಎಂದಿಗಿಂತ ಮೊದಲೇ ಹೋಗಿ ನಿಂತೆವು. ಅಪ್ಪ ಕುಕ್ಕೆ ಇಳಿಸಿ, ತಿರುವಿನ ಕಡೆಯೇ ನೋಡುತ್ತಾ ನಿಂತ. ಹಾಲು ಕರೆಯುವ ಹೊತ್ತು ಮೀರುತ್ತಿತ್ತು, ಹೋಗಲಿಲ್ಲ. ದೂರದಲ್ಲಿ ಒಂದು ಬೆಳಕು ಕಂಡಿತು. ಬೈಕು. ಇನ್ನೊಂದು ಕಂಡಿತು. ಅದು ನೇರ ದಾರಿಯಲ್ಲಿ ಸ್ವಲ್ಪ ದೂರ ಹೋದಂತೆ ಕಂಡಿತು. ಆಮೇಲೆ ಆ ಬೆಳಕು ನಿಧಾನವಾಗಿ ಕಬ್ಬಿನ ಗರಿಗಳ ಮೇಲೆ ಹೊರಳಿ, ನಮ್ಮ ಮುಖದ ಮೇಲೆ ಬಿತ್ತು. ಅಪ್ಪ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, “ಒತ್ತಾಯ್ತು, ಎಮ್ಮೆ ಒದೀತದೆ” ಎಂದು ಯಾರನ್ನೂ ನೋಡದೆ ಸರಸರನೆ ಮನೆ ಕಡೆ ನಡೆದ.

ದೇವಯ್ಯ ಅವತ್ತು ಕಟ್ಟೆಮಳಲವಾಡಿಯವರೆಗೆ ಕಾಯಲಿಲ್ಲ. ನಾವು ಹತ್ತುತ್ತಿದ್ದಂತೆಯೇ ಮೆಷಿನ್ ಹಿಡಿದು ಬಂದ. ರಾಧಾ ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದ.

“ಗೊತ್ತು ಕಣವ್ವ, ಗೊತ್ತು. ಮಿಷಿನ್‌ನಲ್ಲಿ ನಿಮ್ಮೂರ್ನೇ ಒತ್ತಿವ್ನಿ. ಒತ್ತಾರೆ ಒತ್ನಲ್ಲಿ ಎಸ್ರ ನೀವ್ಯಾಕೆ ಏಳೀರಿ, ಬುಡಿ.”

“ಏಳ್ತೀವಿ ಕಣಣ್ಣ,” ಅಂದಳು ರಾಧಾ, ತುಟಿಗೆ ಅಂಟಿದ್ದ ಚಟ್ನಿ ಒರೆಸಿಕೊಳ್ಳುತ್ತಾ. “ಉಂಡಿದ್ದೀವಿ.”